ಎರಡು ಸರ್ವರ್‌ಗಳ ಪಂದ್ಯ ಮತ್ತು ನನ್ನ ಗೆಲುವು

ಮಾನ್ಯ ಅಧ್ಯಕ್ಷರೇ, ಇಂದು ಬೀಳ್ಕೊಡುಗೆ ಪಡೆಯುತ್ತಿರುವ ಸಿರ್ಕಾ ಹಾಪನಿಯೆಮಿ ಅವರೇ, ಕಾಫಿ ಆರುವ ಮುಂಚೆ ಇವನು ಮುಗಿಸಲಿ ಎಂದು ಕಾಯುತ್ತಿರುವ ಸಭಿಕರೇ,

ನಮ್ಮ ಟುರ್ಕು ಬಂದರಿನ ಹಡಗು ಟಿಕೆಟ್ ಕಂಪನಿಗೆ ಸರ್ವರ್ ಕೊಳ್ಳುವವನು ನಾನು, ತೌನೋ. ಕೊಂಡದ್ದನ್ನು ನೋಡಿ ಮೂಗು ಮುರಿಯುವವರು ಸಿರ್ಕಾ. ಹಳೆಯ ಸರ್ವರ್‌ಗೂ ಹೊಸದಕ್ಕೂ ಒಂದೇ ಡೇಟಾಬೇಸ್ ಹಾಕಿ, ಒಂದೇ ಪ್ರಶ್ನೆಗಳನ್ನು ಕೇಳಿ, ಯಾವುದು ಬೇಗ ಉತ್ತರಿಸುತ್ತದೆ ಎಂದು ಅಳೆಯುವುದು ಅವರ ಕೆಲಸ. ಗೆಲ್ಲುತ್ತಿದ್ದದ್ದು ಯಾವುದು? ಹಳೆಯದು! ಪ್ರತಿ ಸಲವೂ ಹಳೆಯದು! ದುಬಾರಿ ಯಂತ್ರ ತಂದ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಕೊನೆಗೆ ಈ ಚಳಿಗಾಲ ಪರೀಕ್ಷೆಗೆ ನಾನೇ ಪಕ್ಕದಲ್ಲಿ ಕುಳಿತೆ. ನೋಡಿದರೆ ಈಯಮ್ಮ, ಗಡಿಯಾರ ಒತ್ತುವ ಮುಂಚೆಯೇ ಹಳೆಯ ಸರ್ವರ್‌ಗೆ ಅವೇ ಪ್ರಶ್ನೆಗಳನ್ನು ಕೇಳಿ ಮುಗಿಸಿದ್ದಾರೆ! ಉತ್ತರಗಳೆಲ್ಲ ಅದರ ನೆನಪಿನಲ್ಲಿ ಸಿದ್ಧ. ನನ್ನ ಹೊಸದೋ, ಈಗಷ್ಟೇ ಪೆಟ್ಟಿಗೆಯಿಂದೆದ್ದು ತಣ್ಣಗೆ ಪರೀಕ್ಷೆಗೆ ಕೂತಿದೆ.

"ಇದು ಮೋಸ ಅಲ್ವೇನೇ ಸಿರ್ಕಾ?" ಎಂದೆ.

"ಮೋಸ ಎಂಥದ್ದೋ? ಸೌನಾದಲ್ಲಿ ಕಲ್ಲು ಕಾಯಿಸ್ದೆ, ಹಬೆ ಬರ್ಲಿ ಅಂತ ನೀನು ನೀರು ಸುರೀತೀಯಾ?"

"ಹಾಗಾದ್ರೆ ನನ್ನ ಕಲ್ಲೂ ಕಾಯಿಸು!"

"ನಿಂದು ನೀನೇ ಕಾಯಿಸ್ಕೊ ಮಾರಾಯ. ನಾನೇನು ನಿನ್ನ ಮನೆ ಆಳಾ?"

ಹೊಸದಕ್ಕೂ ಅವೇ ಪ್ರಶ್ನೆಗಳನ್ನು ಮೊದಲೇ ಕೇಳಿ ಕಾಯಿಸಿದೆ. ಹೊಸದು ಗೆದ್ದಿತು, ಅದೂ ಭಾರಿ ಅಂತರದಿಂದ. ನಾನು ಕುಣಿದೆ. ಕುಣಿದೆ ಎಂದರೆ, ಭುಜ ಸ್ವಲ್ಪ ಅಲುಗಿತು.

ಮರುವಾರ ಹಳೆಯ ಸರ್ವರ್ ಕಳಚಿದರು. ಅದನ್ನು ನೋಡಿಕೊಳ್ಳಲೆಂದೇ ನಿವೃತ್ತಿ ಮುಂದೂಡುತ್ತಿದ್ದ ಸಿರ್ಕಾ, "ಸರಿ, ಇನ್ನು ನನಗೇನು ಕೆಲಸ ಇಲ್ಲಿ?" ಎಂದು ಹೊರಟು ನಿಂತರು. ಅಯ್ಯೋ, ಇಂಥ ಗೆಲುವು ಯಾರಿಗೆ ಬೇಕಿತ್ತು ಸಭಿಕರೇ, ಯಾರಿಗೆ ಬೇಕಿತ್ತು?

ನಾನು ಒಂಟಿ ಮನುಷ್ಯ. ಸಾಲ್ಮನ್ ಸಾರು ಮಾಡಿದರೆ ವಾರವಿಡೀ ಅದನ್ನೇ ಉಣ್ಣುತ್ತೇನೆ. ನನ್ನನ್ನು ಮನಸಾರೆ ಬೈಯುತ್ತಿದ್ದವರು ಇವರೊಬ್ಬರೇ. ಇವರು ಬೈಯಲಿ ಎಂದೇ ಬೇಡದ ಸರ್ವರ್‌ಗಳನ್ನೂ ತರಿಸಿದ್ದೇನೆ. ಅಧ್ಯಕ್ಷರೇ, ಈ ವಾಕ್ಯವನ್ನು ನೀವು ಕೇಳಿಸಿಕೊಂಡಿಲ್ಲ.

ಇವರ ನಿವೃತ್ತಿ ಜೀವನ ಸುಖವಾಗಿರಲಿ ಎಂದು ಹಾರೈಸಲು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾನು ಹಾರೈಸಲಾರೆ. ನನ್ನನ್ನು ಬಿಟ್ಟು ಅದೆಂಥ ಸುಖ? ಸಿರ್ಕಾ, ನನ್ನನ್ನು ಮದುವೆಯಾಗುತ್ತೀಯಾ? ಈಗಲೇ ಉತ್ತರ ಹೇಳಬೇಡ, ಇಷ್ಟು ಜನರ ಮುಂದೆ ನನಗೆ ನಾಚಿಕೆ. ಹೊರಗೆ ಹಿಮದಲ್ಲಿ ನಿಂತಿರುತ್ತೇನೆ. ಬೇಡ ಎನ್ನುವುದಾದರೂ ಬಂದು ಬೈದು ಹೋಗು.

ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ಧನ್ಯವಾದ. ನಮಸ್ಕಾರ.