ಬಿಪಿ ಏರಿಸಿಕೊಂಡ ಸಾಹುಕಾರರು

ಯಾವುದೋ ಒಂದು ಪೇಟೆ ಅಂದುಕೊಳ್ಳಿ, ಅಲ್ಲೊಬ್ಬರು ಸಾಹುಕಾರರು. ಎಪ್ಪತ್ತಾರು ವರ್ಷ. ಮನೆಯಲ್ಲಿ ಒಬ್ಬರೇ ಅಂದುಕೊಂಡಿರಾ? ಅಲ್ಲ. ಮೂವರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಮನೆ ತುಂಬಾ ಜನ. ಬೆಳಿಗ್ಗೆ ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು; ತಂದಿಟ್ಟವರು ಯಾರು ಅಂತ ತಲೆಯೆತ್ತಿ ನೋಡುವಷ್ಟರಲ್ಲಿ ಅವರು ಹೋಗಿಬಿಟ್ಟಿರುತ್ತಿದ್ದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಅವರ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಅವರಿಗೆ ಬಿಪಿ ಇತ್ತು. ನಿಮ್ಮಲ್ಲಿ ಎಷ್ಟು ಜನಕ್ಕಿಲ್ಲ, ಹೇಳಿ? ದಿನಕ್ಕೊಂದು ಮಾತ್ರೆ. ಸೋಮವಾರ ಸೋಮವಾರ ಓಣಿಯ ದವಾಖಾನೆಗೆ ಹೋಗಿ ತೋರಿಸಿಕೊಳ್ಳಬೇಕು. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಿದ್ದಳು. ನೂರಾ ಮೂವತ್ತು. "ಚಲೋ ಐತ್ರಿ ಅಜ್ಜಾರ, ಹೋಗಿ ಬರ್ರಿ." ಎರಡೇ ನಿಮಿಷ, ಮುಗಿಯಿತು.

ಒಂದು ವಾರ ಮಾತ್ರೆ ಮರೆತರು. ನೂರಾ ಎಂಬತ್ತು! ನರ್ಸಮ್ಮ ಗಾಬರಿಯಾಗಿ ಕೂರಿಸಿದಳು, ಕೈ ಹಿಡಿದು ನಾಡಿ ನೋಡಿದಳು. "ನಿದ್ದಿ ಆತೇನ್ರಿ? ಏನು ಉಂಡ್ರಿ? ಮನಸ್ಸಿಗೆ ಏನರ ಹಚ್ಕೊಂಡೀರೇನು?" ಅರ್ಧ ಗಂಟೆ, ನೋಡಿ, ಅರ್ಧ ಗಂಟೆ. ಸಾಹುಕಾರರಿಗೆ ಅಳು ಬಂದಂತಾಯಿತು.

ಆಮೇಲೆ ಏನು ಮಾಡಿದರು ಗೊತ್ತೇ? ಶನಿವಾರ, ಭಾನುವಾರ ಮಾತ್ರೆ ಬಿಟ್ಟರು. ಬೇಕಂತಲೇ ಬಿಟ್ಟರು. ಒಂದು ವಾರ ಬಿಡುವುದು, ಮುಂದಿನ ವಾರ ಹೆದರಿ ನುಂಗುವುದು. ಏರಿತು, ಇಳಿಯಿತು, ಮತ್ತೆ ಏರಿತು. ಡಾಕ್ಟರು ವಾರವಾರದ ಬಿಪಿ ಬರೆದಿದ್ದ ಚೀಟಿ ನೋಡಿ ಎಚ್ಚರಿಸಿದರು. "ಬಿಪಿ ಏರೋದಷ್ಟ ಅಲ್ರಿ ಅಜ್ಜಾರ, ಹಿಂಗ ಏರಿಳಿಯೂದೂ ಈ ವಯಸ್ಸಿನ್ಯಾಗ ಎದಿಗೆ ಕೇಡು." ಸಾಹುಕಾರರು ಗೋಣು ಹಾಕಿ ಮನೆಗೆ ಹೋದರು.

ಒಂದು ಸೋಮವಾರ ದವಾಖಾನೆಯ ಬೆಂಚಿನ ಮೇಲೇ ಎದೆ ಹಿಡಿದುಕೊಂಡರು. ಓಡಿ ಬಂದ ನರ್ಸಮ್ಮನನ್ನು ಅವರು ಕೇಳಿದ್ದೇನು? "ಇವತ್ತು ಭಾಳ ಏರೈತೇನವ್ವಾ? ಹಂಗಾರ ಇನ್ನಷ್ಟು ಹೊತ್ತು ಕುಂಡರ್ತೀಯೇನು?" ಆಗ ಅವಳಿಗೆ ಎಲ್ಲ ತಿಳಿಯಿತು.

ಜೀವ ಉಳಿಯಿತು. ದೊಡ್ಡಾಸ್ಪತ್ರೆಗೆ ಬಂದ ಹಿರಿಯ ಮಗ, ಅಪ್ಪನನ್ನು ಅಲ್ಲಿಗೆ ಕರೆತಂದಿದ್ದ ನರ್ಸಮ್ಮನ ಬಾಯಿಂದ ವಿಷಯ ಕೇಳಿ ಅತ್ತುಬಿಟ್ಟ. "ಅಪ್ಪಾ, ನಮಗೊಂದು ಮಾತು ಹೇಳಬಾರದಾಗಿತ್ತೇನು?"

ಸಾಹುಕಾರರು ಮಗನ ಮುಖ ನೋಡಿದರು. "ಏನಂತ ಹೇಳ್ಲೋ?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಹಿರಿಯರೇ, ಮೊದಲು ನಿಮಗೇ ಬೈಯುತ್ತೇನೆ. ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ನುಂಗಿ. ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಬೇಸರವಾದರೆ ಬಾಯಿಬಿಟ್ಟು ಹೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಇನ್ನು ಕಿರಿಯರು, ತಲೆ ತಗ್ಗಿಸಬೇಡಿ, ಇತ್ತ ನೋಡಿ. ಬಿಪಿ ನೋಡುವ ಯಂತ್ರ ತಂದುಕೊಟ್ಟು ಕೈತೊಳೆದುಕೊಳ್ಳುತ್ತೀರಲ್ಲ, ಅದು ಸಾಲದು. ಅಪ್ಪನ ತೋಳಿಗೆ, ಅವ್ವನ ತೋಳಿಗೆ ನೀವೇ ಪಟ್ಟಿ ಸುತ್ತಿ. ಎಷ್ಟು ಬಂತು ಅಂತ ಬರೆದಿಡಿ. ಎಲ್ಲ ಸರಿಯಾಗಿ ಬಂದ ದಿನವೂ ಎದ್ದು ಹೋಗಬೇಡಿ. ಅವರ ಪಕ್ಕದಲ್ಲಿ ಸುಮ್ಮನೆ ಕೂತಿರಿ.