ಮೇಷ್ಟ್ರ ಕೊರಳ ಕ್ಯಾಮರಾ ಚೀಲ

ಹೊಸನಗರದ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದ ಜಲಜಮ್ಮನ ಬೆನ್ನ ಹಿಂದೆಯೇ ಡ್ರೈವರೂ ಕಂಡಕ್ಟರೂ ಚಹಾ ಕುಡಿಯುತ್ತಿದ್ದರು.

"ಅಲ್ಲ ಮಾರಾಯ, ಆ ತಿರುವಲ್ಲಿ ಎಂತಕ್ಕೆ ಅಷ್ಟು ನಿಧಾನ ಮಾಡ್ದೆ?"

"ಸೈಕಲ್ಲಲ್ಲಿ ಮುಕುಂದಯ್ಯ ಮೇಷ್ಟ್ರು ಬರ್ತಿದ್ರು, ಕಾಣ್ಲಿಲ್ವಾ?"

ಗಂಡನ ಹೆಸರು ಕೇಳಿ ಜಲಜಮ್ಮನ ಕಿವಿ ನಿಮಿರಿತು.

"ಬಂದ್ರೆ?"

"ಹೋದ್ವರ್ಷ ಅವ್ರನ್ನ ಚರಂಡಿಗೆ ಇಳಿಸಿದ್ದಕ್ಕೆ ನನ್ ಬಸ್ಸಿನ ಫೋಟೋ ತೆಗ್ದು ಪೊಲೀಸ್ರಿಗೆ ಕೊಟ್ಟಿದ್ರು. ಮೂರು ದಿನ ಸ್ಟೇಷನ್ನಿಗೆ ಅಲೆದೆ. ಇವತ್ತೂ ಕ್ಯಾಮರಾ ಚೀಲ ಕೊರಳಲ್ಲೇ ಇತ್ತು. ಕೈ ಅದರೊಳಗಿತ್ತು!"

"ಹಂಗಾರೆ ನಾಳೆನೂ ನಿಧಾನನೇ ಹೋಗು."

ಇಬ್ಬರೂ ಲೋಟ ಇಟ್ಟು ಬಸ್ಸು ಹತ್ತಿದರು.

ಮೇಷ್ಟ್ರು ತಮ್ಮನಿಂದ ಎರವಲು ತಂದಿದ್ದ ಕ್ಯಾಮರಾ ಎಂದೋ ವಾಪಸು ಹೋಗಿತ್ತು. ಉಳಿದ ಚೀಲದಲ್ಲಿ ಗಂಡ ಎಲೆಅಡಿಕೆ ತುಂಬಿಕೊಂಡು ತಿರುಗುವುದಕ್ಕೆ ದಿನಾ ಬೈಯುತ್ತಿದ್ದ ಜಲಜಮ್ಮ, ಎದ್ದು ಹೋಗಿ ಎರಡು ಕಟ್ಟು ವೀಳ್ಯದೆಲೆ ಕೊಂಡಳು.