ಆಂಟನ್ ಒಪ್ಪಿದ ಟಗರು

ದೀಪ ಸ್ವಲ್ಪ ಸಣ್ಣದು ಮಾಡಿ. ಪೂರ್ತಿ ಆರಿಸಬೇಡಿ... ನನಗೆ ಭಯ ಅಂತಲ್ಲ, ನಿಮ್ಮ ಮುಖ ಕಾಣ್ತಿರಬೇಕು.

ನನ್ನ ಧೈರ್ಯ ಎಂಥಾದ್ದು ಅಂತ ಈ ಮಿಸೂರಿ ನದಿಯ ಎರಡೂ ದಡಕ್ಕೆ ಗೊತ್ತು. ಒಮ್ಮೆ ದಾರಿಗಡ್ಡ ನಿಂತ ಕರಡಿಗೆ 'ಪಕ್ಕಕ್ಕೆ ಸರಿ' ಅಂದೆ, ಸರೀತು. ನಾನಾಗ ಟ್ರಕ್ಕಿನೊಳಗೆ ಕಿಟಕಿ ಏರಿಸಿಕೊಂಡು ಕೂತಿದ್ದೆ ಅನ್ನೋದು ಬೇರೆ ವಿಷಯ. ಆದರೆ ಈ ಕತೆ ನನ್ನದಲ್ಲ. ನನ್ನ ಚಿಕ್ಕಮ್ಮನ ಮಗ ಲೆಲ್ಯಾಂಡನದು. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ನಮ್ಮ ವಂಶದಲ್ಲಿ ಅಂಥವನು ಅವನೊಬ್ಬನೇ.

ನವೆಂಬರ್ ತಿಂಗಳು. ಲೆಲ್ಯಾಂಡ್ ಗುಡ್ಡ ಇಳಿದು ಬರ್ತಿದ್ದ. ಕತ್ತಲಾಗಿ ಬಹಳ ಹೊತ್ತಾಗಿತ್ತು. ಒಬ್ಬನೇ... ಇದನ್ನ ಮೊದಲೇ ಹೇಳಿಬಿಡ್ತೀನಿ, ಒಬ್ಬನೇ. ಟ್ರಕ್ಕು ನಿಲ್ಲಿಸಿದ ಜಾಗಕ್ಕೆ ಬರಬೇಕಾದರೆ ಆ ಹಳೇ ಬಾವಿ ದಾಟಬೇಕು. ಯಾರೋ ಪುಣ್ಯಾತ್ಮ ಆ ಬೋಳು ನೆಲದಲ್ಲಿ ಗೋಧಿ ಬೆಳೀತೀನಿ ಅಂತ ಬಂದು ಮನೆ ಕಟ್ಟಿ, ಬಾವಿ ತೋಡಿ, ಸೋತು ಹೋಗಿದ್ದ. ಮನೆ ಬಿದ್ದಿದೆ. ಬಾವಿ ಇದೆ. ದನ ಬೀಳದಿರಲಿ ಅಂತ ಅದರ ಬಾಯಿಗೆ ತಗಡು ಮುಚ್ಚಿದ್ದಾರೆ.

ಗಾಳಿ ಇಲ್ಲ. ಒಣ ಗಿಡಗಳಿಗೆ ಪ್ಯಾಂಟು ಉಜ್ಜಿ ಚರ್... ಚರ್... ಅನ್ನೋದು ಬಿಟ್ಟರೆ ಸದ್ದಿಲ್ಲ. ಬಾವಿ ಪಕ್ಕ ಬಂದ.

ಡೊಂಯ್ಕ್.

ತಗಡಿನ ಮೇಲೆ ದಪ್ಪ ಮನುಷ್ಯ ಕೂತರೆ ಅದು ಒಳಕ್ಕೆ ಬಗ್ಗುತ್ತಲ್ಲ, ಆ ಸದ್ದು.

"ಯಾರದು?" ಅಂದ ಲೆಲ್ಯಾಂಡ್.

ತಗಡಿನ ಕಡೆಯಿಂದ ಪಿಸುದನಿಯಲ್ಲಿ, "ಬಿಟ್ಟಿದ್ದು ಒಳ್ಳೇದಾಯ್ತು ಕಣೋ... ನಾಳೆ ಇನ್ನೂ ದೊಡ್ಡದು ಬರುತ್ತೆ."

ಏನು ಬಿಟ್ಟಿದ್ದ ಅಂತ ಹೇಳ್ತೀನಿ, ತಾಳಿ.

ನಮ್ಮ ಗುಡ್ಡಗಳ ಕಾಡುಟಗರು ನೋಡಿದೀರಲ್ಲ. ಕೊಂಬು ಕಿವಿಯ ಹಿಂದಿನಿಂದ ಸುತ್ತಿ ಕೆನ್ನೆ ಮುಂದಕ್ಕೆ ಬರುತ್ತೆ, ಮದುವೆಗೆ ಹೊರಟವನ ಹಾಗೆ ತಲೆ ಎತ್ತಿ ನಿಲ್ಲುತ್ತೆ. ಅದನ್ನ ಹೊಡೆಯೋಕೆ ಬಂದೂಕು ಇದ್ದರೆ ಸಾಲದು, ಸರ್ಕಾರದ ಪರವಾನಗಿ ಚೀಟಿ ಬೇಕು, ಟ್ಯಾಗು ಅಂತೀವಿ. ಆ ಟ್ಯಾಗಿಗೆ ವರ್ಷವರ್ಷ ಲಾಟರಿ. ಒಂದು ಟ್ಯಾಗಿಗೆ ಒಂದೇ ಟಗರು. ಸೀಸನ್ ಮುಗಿಯೋದರೊಳಗೆ ಹೊಡೆಯದಿದ್ದರೆ ಅದು ಬರೀ ಕಾಗದ. ಲೆಲ್ಯಾಂಡ್ ಮದುವೆಗೆ ಮುಂಚಿನಿಂದ ಅರ್ಜಿ ಹಾಕ್ತಿದ್ದ. ನಾನು ಅವನಿಗಿಂತ ಮುಂಚಿನಿಂದ. ನನಗೆ ಬಂದಿದ್ದರೆ ಟಗರುಗಳೇ ಸಾಲಾಗಿ ನಿಂತು 'ನಮ್ಮಲ್ಲಿ ಯಾರು ಬೇಕು ಸ್ವಾಮಿ' ಅಂತಿದ್ದವು. ಬರಲಿಲ್ಲ. ಅವನಿಗೆ ಬಂತು, ಕೂದಲು ಉದುರಿದ ಮೇಲೆ.

ಟ್ಯಾಗು ಬಂದವನ ಪಾಡು ಗೊತ್ತಲ್ಲ. ಊರಿಗೆ ಊರೇ ಫೋನ್ ಮಾಡುತ್ತೆ. ಒಬ್ಬ ದುರ್ಬೀನು ಕೊಡ್ತಾನೆ, ಇನ್ನೊಬ್ಬ ಕುದುರೆ ಕೊಡ್ತೀನಿ ಅಂತಾನೆ. ಎಲ್ಲರದ್ದೂ ಒಂದೇ ಬುದ್ಧಿವಾದ: ಮೊದಲು ಕಂಡಿದ್ದನ್ನ ಹೊಡೀಬೇಡ. ಇನ್ನು ಜನ್ಮದಲ್ಲಿ ಸಿಗಲ್ಲ. ದೊಡ್ಡದಕ್ಕೆ ಕಾಯಿ.

ನಾನೂ ಅದನ್ನೇ ಹೇಳಿದ್ದೆ.

ಅವತ್ತು ಸಂಜೆ ಲೆಲ್ಯಾಂಡನಿಗೆ ಒಳ್ಳೇ ಟಗರು ಸಿಕ್ಕಿತ್ತು. ಮಲಗಿ ಗುರಿ ಹಿಡಿದಿದ್ದ. ಕುದುರೆಯ ಮೇಲೆ ಬೆರಳಿತ್ತು... ನಗಬೇಡಿ, ಬಂದೂಕಿನ ಕುದುರೆ. ಆಗ ಕಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ, ಯಾರೋ ಅಂದರು:

"ಇದಲ್ಲ."

ತನ್ನ ಮನಸ್ಸೇ ಮಾತಾಡಿತು ಅಂದುಕೊಂಡ. ಹೊಡೀಲಿಲ್ಲ. ಬಾವಿ ಹತ್ತಿರ ಬಂದ ಮೇಲೆ ಗೊತ್ತಾಯ್ತು, ಮನಸ್ಸು ತಗಡಿನ ಮೇಲೆ ಕೂರಲ್ಲ ಅಂತ.

ಓಡಿಬಂದ. ಇನ್ನು ಅಲ್ಲಿಗೆ ಹೋಗಲ್ಲ ಅಂದುಕೊಂಡ. ಬೆಳಗಾಗುತ್ತಲೂ ಹೋದ. ಯಾಕೆ ಅಂದರೆ... ಅದೇ ವಿಷಯ. ಪಿಸುದನಿ ಹೇಳಿದ್ದು ನಿಜವಾಯ್ತು. ಹಿಂದಿನ ದಿನದ್ದಕ್ಕಿಂತ ದೊಡ್ಡ ಟಗರು ಬಂತು. ಗುರಿ ಹಿಡಿದ.

"ಇದಲ್ಲ."

ಮಾರನೇ ದಿನ ಅದಕ್ಕಿಂತ ದೊಡ್ಡದು. "ಇದಲ್ಲ." ದಿನಾ ಹೀಗೇ. ದಿನಾ ಇನ್ನೊಂದು ಗುಡ್ಡ ಆಚೆ, ಇನ್ನೊಂದು ಕಣಿವೆ ಒಳಗೆ. ಅವನ ಹೆದರಿಕೆ ಹೋಯ್ತು. ಕಾಯೋಕೆ ಶುರುಮಾಡಿದ, ಆ ಮಾತಿಗೆ.

ಲೆಲ್ಯಾಂಡನ ಹೆಂಡತಿ ಕಾರ್ಲಾ ನಮ್ಮ ಕೊಟ್ಟಿಗೆಗೆ ಬಂದಾಗ ನಾನು ಟ್ರ್ಯಾಕ್ಟರಿನ ಹೊಟ್ಟೆ ಕೆಳಗೆ ಮಲಗಿದ್ದೆ.

"ಭಾವ, ನಿಮ್ಮ ತಮ್ಮನಿಗೆ ಏನೋ ಆಗಿದೆ."

"ಅದು ಹುಟ್ಟಿದಾಗಿಂದ ಆಗಿದೆ ಕಣಮ್ಮ."

"ಎದ್ದು ಈಚೆ ಬನ್ನಿ. ನಿಮ್ಮ ಬೂಟಿನ ಜೊತೆ ಮಾತಾಡೋಕೆ ಬಂದಿಲ್ಲ ನಾನು."

ಬಂದೆ.

"ನಿಂತ್ಕೊಂಡೇ ತಿಂತಾರೆ. ಬೂಟು ಹಾಕ್ಕೊಂಡೇ ಮಲಗ್ತಾರೆ. ನಿದ್ದೇಲಿ ಮಾತಾಡ್ತಾರೆ. ನಿನ್ನೆ ಏನಂದ್ರು ಗೊತ್ತಾ? 'ಸರಿ ಆಂಟನ್, ಅದನ್ನೂ ಬಿಡೋಣ' ಅಂದ್ರು."

ನಾನು ಕೈ ಒರೆಸೋದು ನಿಲ್ಲಿಸಿದೆ.

ಆಂಟನ್ ಅನ್ನೋನು ನಮಗೆಲ್ಲ ಗೊತ್ತಿದ್ದವನೇ. ನನಗಿನ್ನೂ ಮೀಸೆ ಮೂಡದ ಕಾಲದಲ್ಲಿ ಅವನಿಗೂ ಇದೇ ಟ್ಯಾಗು ಬಂದಿತ್ತು. ದಿನಾ ಗುಡ್ಡಕ್ಕೆ ಹೋಗ್ತಿದ್ದ, ದಿನಾ ಬಂದು 'ಇವತ್ತಿಂದು ಬಿಟ್ಟೆ, ನಾಳೆ ದೊಡ್ಡದು' ಅಂತಿದ್ದ. ಸೀಸನ್ನಿನ ಕೊನೇ ದಿನ ಹೋದವನು ಬರಲೇ ಇಲ್ಲ. ಹುಡುಕಿದರು. ಆ ಬಾವಿಯ ಹತ್ತಿರ ಟ್ರಕ್ಕು ಸಿಕ್ಕಿತು. ಆಂಟನ್ ಸಿಗಲಿಲ್ಲ. ಅವನ ಹೆಂಡತಿ ಹಿಲ್ಡಾ ಇವತ್ತಿಗೂ ರಸ್ತೆ ತಿರುವಿನ ಆ ಹಸಿರು ಮನೇಲಿ ಒಬ್ಬಳೇ ಇದ್ದಾಳೆ.

"ನಾಳೆ ಕೊನೇ ದಿನ ಭಾವ," ಅಂದಳು ಕಾರ್ಲಾ. "ಸಂಜೆಗೆ ಹಿಮಗಾಳಿ ಅಂತ ರೇಡಿಯೋದಲ್ಲಿ ಹೇಳಿದ್ರು. ಒಬ್ಬರೇ ಹೋದ್ರೆ ಅವರು ಬರಲ್ಲ. ನೀವು ಜೊತೆಗೆ ಹೋಗಿ. ನನಗೆ ಟಗರು ಬೇಡ, ಮನುಷ್ಯ ಬೇಕು."

ಹೋದೆ. ಧೈರ್ಯವಂತರ ಹಣೆಬರಹವೇ ಅಷ್ಟು.

ಬೆಳಗ್ಗೆಯಿಂದ ನಡೆದೆವು. ಲೆಲ್ಯಾಂಡ್ ನನ್ನ ಜೊತೆ ಒಂದು ಮಾತಾಡಿದರೆ ಪಕ್ಕಕ್ಕೆ ತಿರುಗಿ ಎರಡು ಸಲ ತಲೆ ಆಡಿಸ್ತಿದ್ದ. ಎದುರು ಗುಡ್ಡದಲ್ಲಿ ಎರಡು ಟಗರು ಹಾಯ್ದಾಡ್ತಿದ್ದವು. ಹಿಂದಕ್ಕೆ ಸರಿದು, ಎರಡು ಕಾಲ ಮೇಲೆ ಎದ್ದು, ತಲೆಗೆ ತಲೆ. ದೂರ ಅಲ್ವಾ, ಮೊದಲು ಡಿಕ್ಕಿ ಕಾಣುತ್ತೆ, ಸದ್ದು ಆಮೇಲೆ ಬರುತ್ತೆ. ಒಣ ದಿಮ್ಮಿ ಸೀಳಿದ ಹಾಗೆ... ಠಾಳ್. ಕಣಿವೆಯೆಲ್ಲ ತಿರುಗಿ ಮತ್ತೆ ಠಾಳ್. ನೋಡ್ತಾ ಇದ್ದ ಹಾಗೇ ಅವೆರಡೂ ಬಿಟ್ಟು ಹೋದವು. ಗುಡ್ಡ ಖಾಲಿ. ಆಮೇಲೂ ಸದ್ದು ಬರ್ತಾನೇ ಇತ್ತು. ಠಾಳ್... ಠಾಳ್...

"ಕೇಳಿಸ್ತಾ?" ಅಂದೆ.

"ಅಭ್ಯಾಸ ಆಗುತ್ತೆ," ಅಂದ.

ಮಧ್ಯಾಹ್ನ ಕಳೆದು ಉತ್ತರದ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಗುಡ್ಡದ ಅಂಚಿಗೆ ಮಲಗಿದ್ದೆವು. ಕೆಳಗೆ, ಕಲ್ಲೆಸೆದರೆ ಬೀಳೋ ಹತ್ತಿರದಲ್ಲೇ, ಒಂದು ಟಗರು. ದೊಡ್ಡದೇನಲ್ಲ. ಒಂದು ಕಡೆ ಕೊಂಬಿನ ತುದಿ ಮುರಿದಿತ್ತು, ಮೈ ತುಂಬಾ ಗಾಯದ ಗುರುತು. ಆದರೆ ಕಾನೂನು ಕೇಳೋ ಅಳತೆಗೆ ಸಾಕು.

"ಹೊಡಿಯೋ," ಅಂದೆ.

"ಇದಾ? ಇಷ್ಟು ವರ್ಷ ಕಾದು ಇದಾ? ನೀನೇ ಆಮೇಲೆ ಊರೆಲ್ಲ ನಗ್ತೀಯ."

"ನಗ್ತೀನಿ. ಹೊಡಿ."

ಅವನು ದುರ್ಬೀನು ಎತ್ತಿ ಆಚೆ ನೋಡಿದ. ಕಣಿವೆಯ ಆಚೆ, ಮೋಡ ಇಳೀತಿದ್ದ ಕಡೆ. ಮುಖ ಸಡಿಲವಾಯ್ತು.

"ಅಗೋ ಅಲ್ಲಿ," ಅಂದ ಮೆಲ್ಲಗೆ. "ಅಬ್ಬಾ... ಎಂಥಾ ಕೊಂಬು ನೋಡು."

ನನ್ನ ಕಣ್ಣು ಎಂಥಾದ್ದು ಅಂತ ನಿಮಗೆ ಗೊತ್ತು, ಹಾರೋ ನೊಣದ ಲಿಂಗ ಹೇಳ್ತೀನಿ. ಅಲ್ಲಿ ಏನೂ ಇರಲಿಲ್ಲ. ಬೂದು ಬಂಡೆ, ಅದರ ಕೆಳಗೆ ನದಿ ಕಡೆಗೆ ಇಳಿಯೋ ಬೂದು ಜೇಡಿಯ ಕೊರಕಲು, ಇಳಿದರೆ ಹತ್ತೋಕಾಗಲ್ಲ, ಅದರ ಹಿಂದೆ ಹಿಮ.

ಲೆಲ್ಯಾಂಡ್ ಎದ್ದ. ಚೀಲ ಹೆಗಲಿಗೇರಿಸಿದ. ನಾನು ಅವನ ಬೆಲ್ಟು ಹಿಡಿದುಕೊಂಡೆ.

"ಬಿಡು. ಆಂಟನ್ ದಾರಿ ಬಲ್ಲ."

ಆಗ ನಾನು ಮಾತಾಡಿದ್ದು ಲೆಲ್ಯಾಂಡನ ಜೊತೆ ಅಲ್ಲ. ಅವನ ಎಡಪಕ್ಕದ ಖಾಲಿ ಜಾಗದ ಜೊತೆ. ನನ್ನ ಹಲ್ಲು ಕಟಕಟ ಅಂತಿತ್ತು, ಚಳಿಗೆ.

"ಆಂಟನ್," ಅಂದೆ. "ಬರೋವಾಗ ಹಿಲ್ಡಾ ಸಿಕ್ಕಿದ್ದಳು. ಸಾರಿಗೆ ಆಲೂಗಡ್ಡೆ ಹೆಚ್ಚಿಟ್ಕೊಂಡು ಕೂತಿದಾಳೆ. ಸಣ್ಣದಾದ್ರೂ ಪರವಾಗಿಲ್ವಂತೆ... ಬೇಗ ಬರೋಕೆ ಹೇಳು ಅಂದಳು."

ಹಿಲ್ಡಾ ನನಗೆ ಸಿಕ್ಕಿರಲಿಲ್ಲ. ಸುಳ್ಳು ನನ್ನ ಬಾಯಿಗೆ ಹೊಸದಲ್ಲ, ಆದರೆ ಯಾವ ಸುಳ್ಳೂ ಅಷ್ಟು ಭಾರ ಇರಲಿಲ್ಲ.

ಗಾಳಿ ನಿಂತುಹೋಯ್ತು. ಎಲ್ಲೋ ನಡೀತಿದ್ದ ಆ ಠಾಳ್ ಠಾಳ್ ಕೂಡ.

ಲೆಲ್ಯಾಂಡ್ ಮೆಲ್ಲಗೆ ಮತ್ತೆ ಮಲಗಿದ. ಆ ಮುರುಕು ಕೊಂಬಿನ ಟಗರಿಗೆ ಗುರಿ ಹಿಡಿದ. ಹಿಡಿದು ಕಾದ. ಏನಕ್ಕೆ ಅಂತ ನನಗೆ ಗೊತ್ತಿತ್ತು. ನಾನೂ ಉಸಿರು ಹಿಡಿದೆ. ಆಗ ಕೇಳಿಸಿತು, ನನಗೂ ಕೇಳಿಸಿತು. ಬಹಳ ದೂರ ನಡೆದವನು ಮೆಟ್ಟಿಲ ಮೇಲೆ ಕೂತು ಬಿಡೋ ಅಂಥ ಉಸಿರು.

"ಹ್ಞೂ... ಸಾಕು."

ಢಂ.

ಟ್ಯಾಗು ಕಟ್ಟಿ, ಕೊಯ್ದು, ಮಾಂಸ ಇಬ್ಬರೂ ಹಂಚಿಕೊಂಡು ಹೊತ್ತು ಇಳಿಯುವಾಗ ಕತ್ತಲು. ತಲೆಯನ್ನ ಲೆಲ್ಯಾಂಡನ ಬೆನ್ನಿಗೆ ಕಟ್ಟಿದ್ದೆವು, ಮುಖ ಹಿಂದಕ್ಕೆ. ಇಡೀ ದಾರಿ ಆ ಟಗರು ನನ್ನನ್ನೇ ನೋಡ್ತಿತ್ತು, ಇಷ್ಟಕ್ಕೆಲ್ಲ ನೀನೇ ಕಾರಣ ಅನ್ನೋ ಹಾಗೆ. ಮುಂದೆ ಲೆಲ್ಯಾಂಡನ ಹೆಜ್ಜೆ, ಆಮೇಲೆ ನನ್ನದು. ನನ್ನ ಹಿಂದೆ ಇನ್ನೊಂದು. ಒಂದು ಕಾಲು ಎಳೆದು ಹಾಕ್ತಿತ್ತು. ಚರ್... ಸರ್ರ್. ಚರ್... ಸರ್ರ್. ನಾನು ತಿರುಗಿ ನೋಡಲಿಲ್ಲ. ಕತ್ತು ಉಳುಕಿತ್ತು ಅಂತಿಟ್ಟುಕೊಳ್ಳಿ.

ಬಾವಿ ದಾಟಿದೆವು. ತಗಡು ಸದ್ದು ಮಾಡಲಿಲ್ಲ.

ನಾನೇ ಟ್ರಕ್ಕು ಓಡಿಸಿದೆ. ಹಳೇ ಗಾಡಿ, ಮುಂದೆ ಒಂದೇ ಉದ್ದ ಸೀಟು. ಲೆಲ್ಯಾಂಡ್ ಹತ್ತಿ ನನ್ನ ಮೈಗೆ ಅಂಟಿಕೊಂಡೇ ಕೂತ. ಗೇರು ಹಾಕೋಕೂ ಜಾಗ ಇಲ್ಲ.

"ಸ್ವಲ್ಪ ಆಚೆ ಸರಿಯೋ."

"ಎಲ್ಲಿಗೆ ಸರೀಲಿ?" ಅಂದ.

ಇದ್ದ ಗೇರಿನಲ್ಲೇ ಓಡಿಸಿದೆ ನಾನು.

ಹಿಮ ಉದುರೋಕೆ ಶುರುವಾಗಿತ್ತು. ರಸ್ತೆ ತಿರುವಿನಲ್ಲಿ, ಆ ಹಸಿರು ಮನೆ ಮುಂದೆ, ಲೆಲ್ಯಾಂಡ್ "ಇಲ್ಲಿ ನಿಲ್ಲಿಸು" ಅಂದ. ನಿಲ್ಲಿಸಿದೆ. ಅವನು ಕೈ ಚಾಚಿ ಆಚೆ ಬಾಗಿಲು ತೆಗೆದ. ಚಳಿ ಒಳಗೆ ಬಂತು. ಸೀಟಿನ ಸ್ಪ್ರಿಂಗು ಕಿರ್ ಅಂತು. ಅವನು ಬಾಗಿಲು ಹಾಕಿ, ಈಗ ಕಿಟಕಿ ಪಕ್ಕಕ್ಕೆ ಸರಿದು ಕೂತು, ಗಾಜಿಗೆ ತಲೆ ಆನಿಸಿ ಅಲ್ಲೇ ನಿದ್ದೆ ಹೋದ. ಮನೆಗೆ ಕರಕೊಂಡು ಹೋಗಿ ಕಾರ್ಲಾಗೆ ಒಪ್ಪಿಸಿದೆ. ಅವಳು ಟಗರಿನ ಕಡೆ ನೋಡಲೂ ಇಲ್ಲ. ಅವನ ಬೂಟು ಬಿಚ್ಚಿದಳು.

ಬೆಳಗ್ಗೆ ಒಂದು ತೊಡೆ ಮಾಂಸ ಕಟ್ಟಿಕೊಂಡು ಹಿಲ್ಡಾಳ ಮನೆಗೆ ಹೋದೆ. ಹೇಳಿದ ಸುಳ್ಳನ್ನ ಅಷ್ಟಾದರೂ ನಿಜ ಮಾಡಬೇಕಲ್ಲ. ನಮ್ಮ ಕಡೆ ಎಲ್ಲರ ಬಾಗಿಲಲ್ಲೂ ಬೂಟಿನ ಮಣ್ಣು ಕೆರೆಯೋಕೆ ಒಂದು ಕಬ್ಬಿಣದ ಪಟ್ಟಿ ನೆಟ್ಟಿರುತ್ತೆ. ಮುದುಕಿ ಅಲ್ಲಿ ಬಗ್ಗಿ ಕೂತು, ಅಡಿಗೆ ಚಾಕುವಿನಲ್ಲಿ ಪಟ್ಟಿಯನ್ನ ಕೆರೀತಿದ್ದಳು. ಕರ್ರ್... ಕರ್ರ್... ನನ್ನ ಕಡೆ ನೋಡದೆ ಗೊಣಗಿದಳು, "ಎಷ್ಟು ಸಲ ಹೇಳೋದು ಇವರಿಗೆ, ಕೆರೆದ ಮೇಲೆ ಪಟ್ಟೀನೂ ತೊಳೀರಿ ಅಂತ."

ನಾನೂ ಅವಳ ಪಕ್ಕದಲ್ಲಿ ಬಗ್ಗಿ ಕೂತೆ.

ನಂಬೋದು ಬಿಡೋದು ನಿಮ್ಮಿಷ್ಟ. ಕರಡಿಯ ವಿಷಯ ಬೇಕಾದರೆ ಬಿಡಿ, ಇದನ್ನ ಬಿಡಬೇಡಿ. ಆ ತಿಂಗಳು ಪೂರ್ತಿ ನಮ್ಮ ಕಡೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುದ್ದಲಿ ಹಾಕಿದರೆ ಕಿಡಿ ಬರ್ತಿತ್ತು. ಆ ಪಟ್ಟಿಯ ಮೇಲೆ ಇದ್ದದ್ದು ನದಿ ಕಡೆಯ ಆ ಕೊರಕಲಿನ ಬೂದು ಜೇಡಿ. ಹಸಿಯಾಗಿತ್ತು. ನಾನೇ ಬೆರಳಿಟ್ಟು ನೋಡಿದೀನಿ.